ದ್ವಿದಳ ಬೆಳೆಗಳ ಚಿಬ್ಬು ರೋಗ: ಮಲೆನಾಡಿನಲ್ಲಿ ಬೀಜದ ಆರೋಗ್ಯದ ಪ್ರಶ್ನೆ

ದ್ವಿದಳ ಧಾನ್ಯಗಳಲ್ಲಿ ಸ್ವಾವಲಂಬನೆ ಸಾಧಿಸುವ ಸಲುವಾಗಿ ಕೇಂದ್ರ ಸರ್ಕಾರವು 2025ರ ಅಕ್ಟೋಬರ್‌ನಲ್ಲಿ 11,440 ಕೋಟಿ ರೂಪಾಯಿಗಳ ಅಭಿಯಾನವನ್ನು ಆರಂಭಿಸಿತು. 2030-31ರೊಳಗೆ 88 ಲಕ್ಷ ಬೀಜದ ಕಿಟ್‌ಗಳನ್ನು ಉಚಿತವಾಗಿ ವಿತರಿಸುವ ಗುರಿ ಇದರಲ್ಲಿದೆ. ಆದರೆ ಅಭಿಯಾನದ ಮುಖ್ಯ ಗಮನವಿರುವುದು ತೊಗರಿ, ಉದ್ದು ಮತ್ತು ಮಸೂರ ಬೆಳೆಗಳ ಮೇಲೆ. ಚಿಕ್ಕಮಗಳೂರು, ಮೂಡಿಗೆರೆ ಹಾಗೂ ಕಳಸದ ಕಾಫಿ ಸೀಮೆಯಲ್ಲಿ ಭತ್ತದ ಕೊಯ್ಲಿನ ನಂತರ ಗದ್ದೆಗಳಲ್ಲಿಯೂ, ಮನೆಯ ಹಿತ್ತಲಿನಲ್ಲಿಯೂ ಬೆಳೆಯುವುದು ಬೀನ್ಸ್ ಮತ್ತು ಅಲಸಂದೆ. ಸ್ವಂತ ಬೀಜವನ್ನು ನೆಚ್ಚಿಕೊಂಡಿರುವ ಸಣ್ಣ ಹಿಡುವಳಿದಾರರು ಅದರ ಆರೋಗ್ಯವನ್ನು ತಾವೇ ಕಾಪಾಡಿಕೊಳ್ಳಬೇಕಾಗಿದೆ.

ಈ ಬೆಳೆಗಳನ್ನು ಬಾಧಿಸುವ ಚಿಬ್ಬು ರೋಗಕ್ಕೆ ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ ಕಾರಣ. ಎಲೆಯ ತಳಭಾಗದ ನರಗಳು ಕಪ್ಪಾಗುವುದು, ಕಾಯಿಗಳ ಮೇಲೆ ಕಂದು ಅಂಚಿನ ತಗ್ಗಾದ ಮಚ್ಚೆಗಳು ಮೂಡುವುದು ಇದರ ಲಕ್ಷಣಗಳು. ಶಿಲೀಂಧ್ರವು ಕಾಯಿಯ ಸಿಪ್ಪೆಯನ್ನು ದಾಟಿ ಬೀಜದೊಳಗೆ ಸೇರುತ್ತದೆ. ಹೊರನೋಟಕ್ಕೆ ಆರೋಗ್ಯವಾಗಿರುವ ಬೀಜದಲ್ಲಿಯೂ ಅದು ಅಡಗಿದ್ದು, ಮುಂದಿನ ಹಂಗಾಮಿನಲ್ಲಿ ಮೊಳಕೆಯೊಂದಿಗೇ ಹೊರಬರುತ್ತದೆ. ಆದ್ದರಿಂದ ಕೇವಲ ಆರಿಸಿ ತೆಗೆದ ಮಾತ್ರಕ್ಕೆ ಬೀಜ ಶುದ್ಧವಾಗುವುದಿಲ್ಲ.

ತಂಪು ಹವೆ ಹಾಗೂ ಎಲೆಗಳ ಮೇಲೆ ನಿಲ್ಲುವ ತೇವ ಈ ರೋಗಕ್ಕೆ ಅನುಕೂಲಕರ. ಮಲೆನಾಡಿನ ದೀರ್ಘ ಮಳೆಗಾಲದಲ್ಲಿ ಇವೆರಡೂ ಧಾರಾಳವಾಗಿವೆ. ಬೇಸಿಗೆಯಲ್ಲಿ ಕಾಫಿ ಹೂವಿಗಾಗಿ ಹಾಯಿಸುವ ಸ್ಪ್ರಿಂಕ್ಲರ್ ನೀರು ಪಕ್ಕದ ಬೀನ್ಸ್ ತಾಕಿಗೆ ಬಿದ್ದರೆ, ಸಿಡಿಯುವ ಹನಿಗಳೊಡನೆ ರೋಗವೂ ಗಿಡದಿಂದ ಗಿಡಕ್ಕೆ ಹರಡುತ್ತದೆ. ಇದೇ ಜಿಲ್ಲೆಯ ಕಡೂರು ಭಾಗವು ಮಳೆನೆರಳಿನ ಪ್ರದೇಶವಾಗಿದ್ದು, ಅಲ್ಲಿನ ಒಣಹವೆಯಲ್ಲಿ ಬೆಳೆದ ಬೀಜಕ್ಕೆ ಸೋಂಕಿನ ಭಯ ಕಡಿಮೆ. ಉಣ್ಣುವ ಬೆಳೆಯನ್ನು ಮಲೆನಾಡಿನಲ್ಲಿ, ಬಿತ್ತುವ ಬೀಜವನ್ನು ಬಯಲುಸೀಮೆಯಲ್ಲಿ ಬೆಳೆಯುವ ವ್ಯವಸ್ಥೆ ಇಲ್ಲಿಗೆ ಸೂಕ್ತವಾದ ಪರಿಹಾರವೆನ್ನಬಹುದು.

ಅಂತಹ ಬೀಜ ದೊರೆಯದಿದ್ದಲ್ಲಿ ರೈತ ಬಾಂಧವರು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು:

1. ಮಳೆಗಾಲದ ಬೆಳೆಯಿಂದ ಬೀಜ ತೆಗೆಯದೆ, ಬೇಸಿಗೆ ಬೆಳೆಯ ಮಚ್ಚೆಯಿಲ್ಲದ ಕಾಯಿಗಳಿಂದ ಮಾತ್ರ ಬೀಜ ಉಳಿಸಿಕೊಳ್ಳುವುದು.
2. ಪ್ರತಿ ಕಿಲೋ ಬೀಜವನ್ನು 2 ಗ್ರಾಂ ಕಾರ್ಬೆಂಡಜಿಮ್ ಅಥವಾ 4 ಗ್ರಾಂ ಟ್ರೈಕೋಡರ್ಮಾದಿಂದ ಉಪಚರಿಸುವುದು. ಇವೆರಡನ್ನೂ ಬೆರೆಸಬಾರದು. ಉಪಚರಿಸಿದ ಬೀಜವನ್ನು ಆಹಾರಕ್ಕೆ ಬಳಸಬಾರದು.
3. ಎಲೆಗಳು ಒದ್ದೆಯಿರುವಾಗ ತಾಕಿನಲ್ಲಿ ಓಡಾಡದಿರುವುದು.
4. ರೋಗ ಕಂಡ ತಾಕಿನಲ್ಲಿ ಕನಿಷ್ಠ ಎರಡು ವರ್ಷ ಬೀನ್ಸ್ ಅಥವಾ ಅಲಸಂದೆ ಬೆಳೆಯದಿರುವುದು.

ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಲು ಕೋರಲಾಗಿದೆ.