ಮುಳುಗಡೆಯ ನೆಲವೂ ರಾಜಸತ್ತೆಯ ಧರ್ಮವೂ

ಸಾರ್ವಜನಿಕ ಹಿತಕ್ಕಾಗಿ ಪ್ರಜೆಯ ಭೂಮಿಯನ್ನು ತೆಗೆದುಕೊಳ್ಳುವ ಅಧಿಕಾರವು ರಾಜಸತ್ತೆಗೆ ಉಂಟೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಒಬ್ಬನ ಹಟದಿಂದ ನೂರು ಜನರು ನೀರಿಲ್ಲದೆ ಬಳಲಬಾರದು. ಪರಂತು ಅಧಿಕಾರವಿರುವುದು ಬೇರೆ, ಅದನ್ನು ಧರ್ಮದಿಂದ ನಡೆಸುವುದು ಬೇರೆ. ಕೃಷ್ಣೆ-ಘಟಪ್ರಭೆಗಳ ದಂಡೆಯ ಬೀಳಗಿ, ಜಮಖಂಡಿ, ಮುಧೋಳ ಪ್ರಾಂತದ ರೈತರ ಸ್ಥಿತಿಯನ್ನು ಬಲ್ಲವರಿಗೆ ಈ ಭೇದವು ಸಹಜವಾಗಿಯೇ ಹೊಳೆಯುವುದು.

ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಶ್ರೀ ಲಾಲ್ ಬಹದ್ದೂರ್ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟರು. ಅಲ್ಲಿ 519.60 ಮೀಟರಿನವರೆಗೆ ನಿಂತ ನೀರಿನಲ್ಲಿ ಹಳೆಯ ಬಾಗಲಕೋಟೆಯ ಪೇಟೆಯ ಭಾಗವೂ ಎಷ್ಟೋ ಹಳ್ಳಿಗಳೂ ಅಡಗಿಹೋದವು. 2010ರ ಡಿಸೆಂಬರ 30ರಂದು ನ್ಯಾಯಮೂರ್ತಿ ಬ್ರಿಜೇಶಕುಮಾರರ ನ್ಯಾಯಮಂಡಳಿಯು ಈ ಮಟ್ಟವನ್ನು 524.256 ಮೀಟರಿಗೆ ಏರಿಸಲು ಸಮ್ಮತಿಯಿತ್ತಿತು. ಏರಿಕೆಯು ಸುಮಾರು ಹತ್ತು ಮೊಳ. ಮುಳುಗುವ ನೆಲವು 75,000 ಎಕರೆಗೂ ಮಿಕ್ಕಿದುದು. ತೀರ್ಪಿನ ಪ್ರಕಟಣೆಗೆ 2011ರಲ್ಲಿ ಸುಪ್ರೀಂ ಕೋರ್ಟು ತಡೆಯನ್ನಿತ್ತಿತು. ರಾಜ್ಯರಾಜ್ಯಗಳ ವಾದ ನಡೆಯಿತು, ವರ್ಷಗಳು ಉರುಳಿದವು. ಆದರೆ ಮುಳುಗುವುದೆಂದು ಹೆಸರಾದ ಹೊಲವನ್ನು ಕೊಳ್ಳುವವರಾರು? ಅಲ್ಲಿ ಬಾವಿ ತೋಡುವವರಾರು? ಮಗಳ ಮದುವೆಗೆಂದು ಅದನ್ನು ಒತ್ತೆಯಿಟ್ಟರೆ ಸಾಲ ಕೊಡುವವರಾರು? ನೀರು ಬರುವ ಮೊದಲೇ ಒಡೆತನವು ಮುಳುಗಿತು!

2025ರ ಸಪ್ಟಂಬರದಲ್ಲಿ ಸರಕಾರವು ನೀರಾವರಿಯ ಎಕರೆಗೆ 40 ಲಕ್ಷ, ಒಣಭೂಮಿಯ ಎಕರೆಗೆ 30 ಲಕ್ಷ ರೂಪಾಯಿಗಳ ದರವನ್ನು ನಿಶ್ಚಯಿಸಿತು. “ಇನ್ನೇನು ಬೇಕು?” ಎಂದು ದೂರದ ಪಟ್ಟಣದ ಸಭ್ಯರು ಕೇಳುವರು. ದರವನ್ನು ಸಾರುವುದು ಹಣವನ್ನು ಕೊಟ್ಟಂತಲ್ಲ. ಹಣವನ್ನು ಕೊಡುವುದು ಬಾಳನ್ನು ಕೊಟ್ಟಂತಲ್ಲ. ರಬಕವಿ-ಬನಹಟ್ಟಿಯ ನೇಕಾರನ ಮಗ್ಗವನ್ನು ಕಟ್ಟಿಗೆಯ ಬೆಲೆಗೆ ತೂಗಬಹುದೆ? ಇದೇ ಜಮಖಂಡಿ ತಾಲೂಕಿನ ರೈತರು ಸರಕಾರದ ದಾರಿ ಕಾಯದೆ, 1989ರಲ್ಲಿ ಶ್ರೀ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಸ್ವಂತ ದುಡ್ಡು, ಸ್ವಂತ ಬೆವರಿನಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬಾಂದಾರವನ್ನು ಕಟ್ಟಿದವರು. ಇಂಥವರ ನೆಲದಲ್ಲಿ ಮಣ್ಣಷ್ಟೇ ಇಲ್ಲ, ದುಡಿಮೆಯೂ ಇದೆ.

“ರೈತರೇ ಒಪ್ಪಿಗೆ ಕೊಡುತ್ತಾರಲ್ಲ” ಎಂದು ಮತ್ತೆ ಕೆಲವರು ಆಡುವರು. ವರ್ಷಗಟ್ಟಲೆ ಕಾದು ಸೋತವನ ಒಪ್ಪಿಗೆಯು ಎಂಥ ಒಪ್ಪಿಗೆ? ಒಲ್ಲೆನೆಂದವನಿಗೆ ಕೋರ್ಟಿನ ಮೆಟ್ಟಿಲು. ಅಲ್ಲಿ ಮತ್ತೆ ವರ್ಷಗಳು. ಉಳ್ಳವನು ಏರುವನು, ಇಲ್ಲದವನು ಸಿಕ್ಕಷ್ಟಕ್ಕೆ ಕೈಯೊಡ್ಡುವನು.

ನಾವು ಬೇಡುವುದು ದಯೆಯನ್ನಲ್ಲ, ಕಾನೂನನ್ನು. 1978ರ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಸಾಲಿನಿಂದ ಹೊರಬಿದ್ದಿತಾದರೂ, ಸಂವಿಧಾನದ 300ಎ ವಿಧಿಯಲ್ಲಿ ಉಳಿದುಕೊಂಡಿತು. ತಿಳಿವಳಿಕೆ ಕೊಡುವುದು, ಅಹವಾಲು ಕೇಳುವುದು, ನ್ಯಾಯವಾದ ಪರಿಹಾರ ಕೊಡುವುದು ಇವುಗಳ ಜೊತೆಗೆ, ಕಾಲಮಿತಿಯಲ್ಲಿ ಕೆಲಸ ಮುಗಿಸುವುದೂ ಆ ವಿಧಿಯೊಳಗೇ ಅಡಗಿದೆಯೆಂದು ಸುಪ್ರೀಂ ಕೋರ್ಟು 2024ರ ಮೇ ತಿಂಗಳಲ್ಲಿ ಕೊಲ್ಕತ್ತಾದ ಮೊಕದ್ದಮೆಯೊಂದರಲ್ಲಿ ಹೇಳಿತು. ಆದುದರಿಂದ ವಿಳಂಬವೂ ಅನ್ಯಾಯವೇ. ಇನ್ನು 2013ರ ಭೂಸ್ವಾಧೀನದ ಕಾಯದೆಯ 38ನೆಯ ಕಲಮು, ನೀರಾವರಿಯ ಯೋಜನೆಗಳಲ್ಲಿ ನೆಲ ಮುಳುಗುವ ಆರು ತಿಂಗಳು ಮೊದಲೇ ಪುನರ್ವಸತಿಯು ಪೂರ್ಣವಾಗಬೇಕೆಂದು ವಿಧಿಸಿದೆ.

ಜಮಖಂಡಿ, ಮುಧೋಳದ ಸಂಸ್ಥಾನಗಳು 1948ರಲ್ಲಿ ವಿಲೀನವಾದಾಗ, ಇನ್ನು ಅರಸನ ಮಾತಲ್ಲ, ಕಾನೂನೇ ಆಳುವುದೆಂದು ನಮ್ಮ ಹಿರಿಯರು ಹಿಗ್ಗಿದರು. ಆ ನಂಬಿಗೆ ಉಳಿಯಬೇಕಾದರೆ ಕ್ರಮವು ಒಂದೇ: ಮೊದಲು ಹಣ, ಆಮೇಲೆ ಮನೆ, ಕೊನೆಗೆ ನೀರು. ಕಡೆಯ ಕುಟುಂಬವು ನೆಲೆ ಕಾಣುವವರೆಗೆ ನೀರು ಒಂದು ಗೇಣೂ ಏರಕೂಡದು.