‘ನಿನಗೇನು ಸಂಬಂಧ?’ ಎಂಬ ಪ್ರಶ್ನೆಗೆ ಒಂದು ಪುಟ್ಟ ದೇಶದ ಉತ್ತರ

ಲೋಕದ ಯಾವುದೋ ಮೂಲೆಯಲ್ಲಿ ಅನ್ಯಾಯ ನಡೆದ ಸುದ್ದಿ ಬಂದಾಗ ನಾವು ಮರುಗುತ್ತೇವೆ, ದುಆ ಮಾಡುತ್ತೇವೆ, ವಿಶ್ವಸಂಸ್ಥೆಯನ್ನು ಹಳಿಯುತ್ತೇವೆ. ಕೊನೆಗೆ, “ನಮ್ಮಂಥ ಸಣ್ಣವರಿಂದ ಏನಾದೀತು?” ಎಂದು ನಿಟ್ಟುಸಿರು ಬಿಟ್ಟು ಎದ್ದು ಹೋಗುತ್ತೇವೆ. ದುಆ ವಿಶ್ವಾಸಿಯ ಆಯುಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೊನೆಯ ಮಾತು ಮಾತ್ರ ವಿನಯದ ವೇಷ ತೊಟ್ಟ ಆಲಸ್ಯ ಎಂಬುದು ನಮ್ಮ ವಾದ. ಈ ವಾದಕ್ಕೆ ಸಾಕ್ಷಿಯಾಗಿ ನಾವು ಯಾವ ಮಹಾಶಕ್ತಿಯನ್ನೂ ಕರೆಯುವುದಿಲ್ಲ. ಗ್ಯಾಂಬಿಯಾ ಎಂಬ ದೇಶವನ್ನು ಕರೆಯುತ್ತೇವೆ.

ಆಫ್ರಿಕಾ ಖಂಡದ ಮುಖ್ಯ ಭೂಭಾಗದಲ್ಲಿ ಇದಕ್ಕಿಂತ ಚಿಕ್ಕ ದೇಶವಿಲ್ಲ. ಒಂದು ನದಿ, ಅದರ ಎರಡು ದಂಡೆಗಳ ಕಿರಿದಾದ ನೆಲ, ಮೂರು ಕಡೆ ಸೆನೆಗಲ್, ಒಂದು ಕಡೆ ಅಟ್ಲಾಂಟಿಕ್ ಸಾಗರ: ಇಷ್ಟೇ ಗ್ಯಾಂಬಿಯಾ. ನಮ್ಮ ತುಮಕೂರು ಜಿಲ್ಲೆಗಿಂತ ತುಸು ದೊಡ್ಡದು. ಜನಸಂಖ್ಯೆ 25 ಲಕ್ಷದ ಆಸುಪಾಸು, ಅವರಲ್ಲಿ ಬಹುಪಾಲು ಮುಸ್ಲಿಮರು. ತೈಲವಿಲ್ಲ, ದೊಡ್ಡ ಸೈನ್ಯವಿಲ್ಲ. ನೆಲಗಡಲೆಯ ಬೆಳೆ, ಕಡಲತೀರಕ್ಕೆ ಬರುವ ಪ್ರವಾಸಿಗರು, ಪರದೇಶದಲ್ಲಿ ದುಡಿಯುವವರು ಮನೆಗೆ ಕಳುಹಿಸುವ ಹಣ, ಇವೇ ಅದರ ಆಸರೆ. ಗಲ್ಫ್‌ನಿಂದ ಬರುವ ಹಣದ ಬೆಲೆ ಬಲ್ಲ ನಮ್ಮ ಕರಾವಳಿಯ ಮನೆಗಳಿಗೆ ಈ ಬದುಕನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ದೇಶವನ್ನು ಯಾಹ್ಯಾ ಜಾಮೆ 1994ರ ಸೈನಿಕ ಕ್ರಾಂತಿಯಿಂದ ಮೊದಲುಗೊಂಡು 22 ವರ್ಷ ಆಳಿದರು. 2013ರಲ್ಲಿ ದೇಶವನ್ನು ಕಾಮನ್‌ವೆಲ್ತ್‌ನಿಂದ ಹೊರತಂದರು. 2015ರಲ್ಲಿ ಅದನ್ನು ಇಸ್ಲಾಮೀ ಗಣರಾಜ್ಯವೆಂದು ಘೋಷಿಸಿದರು. 2016ರಲ್ಲಿ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದಿಂದ ಹೊರನಡೆಯುವುದಾಗಿ ಸಾರಿದರು. ಹೊರಗಿನವರಿಗೆ ತಲೆಬಾಗುವುದಿಲ್ಲ ಎಂಬ ಈ ಗರ್ಜನೆಗೆ ಚಪ್ಪಾಳೆ ತಟ್ಟುವವರು ಎಲ್ಲೆಡೆ ಇರುತ್ತಾರೆ, ನಮ್ಮ ನಡುವೆಯೂ ಇದ್ದಾರೆ. ಆದರೆ ಹೊರಗಿನ ಕಣ್ಣುಗಳನ್ನು ಮುಚ್ಚಿಸಿದ್ದರಿಂದ ಲಾಭವಾದದ್ದು ಯಾರಿಗೆ? ಆಳುವವನಿಗೆ ಮಾತ್ರ. ಗಣರಾಜ್ಯದ ಹೆಸರಿಗೆ ದೀನ್‌ನ ಪದ ಸೇರಿದ ಮಾತ್ರಕ್ಕೆ ಸೆರೆಮನೆಯಲ್ಲಿದ್ದವನಿಗೆ ನ್ಯಾಯ ದೊರೆಯಲಿಲ್ಲ.

2016ರ ಡಿಸೆಂಬರ್‌ನಲ್ಲಿ ಜನರು ಮತ ಹಾಕಿ ಆಡಮಾ ಬಾರೋ ಅವರನ್ನು ಆರಿಸಿದರು. ಜಾಮೆ ಮೊದಲು ಸೋಲನ್ನೊಪ್ಪಿ, ಬಳಿಕ ಮಾತು ಬದಲಿಸಿದರು. ಆಗ ಪಶ್ಚಿಮ ಆಫ್ರಿಕಾದ ದೇಶಗಳ ಒಕ್ಕೂಟ ನಡುವೆ ಬಂತು. ಸಂಧಾನಕ್ಕೆ ನೆರೆಯ ರಾಷ್ಟ್ರಾಧ್ಯಕ್ಷರು ಮತ್ತೆ ಮತ್ತೆ ಬಂದರು. 2017ರ ಜನವರಿ 19ರಂದು ಬಾರೋ ಅವರು ಸೆನೆಗಲ್‌ನ ಡಕಾರ್‌ನಲ್ಲಿರುವ ತಮ್ಮ ದೇಶದ ರಾಯಭಾರ ಕಚೇರಿಯಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಒಕ್ಕೂಟದ ಸೈನ್ಯ ಗಡಿ ದಾಟಿತು. ಎರಡು ದಿನಗಳಲ್ಲಿ ಜಾಮೆ ದೇಶ ಬಿಟ್ಟರು. ದೊಡ್ಡ ರಕ್ತಪಾತವಿಲ್ಲದೆ ಒಂದು ಜನತೆಯ ಮತ ಉಳಿಯಿತು. ಅಂತಾರಾಷ್ಟ್ರೀಯ ಸಹಕಾರ ಬರೀ ಕಾಗದ ಎನ್ನುವವರು ಈ ಎರಡು ದಿನಗಳನ್ನು ನೆನೆಯಬೇಕು.

ಹೀಗೆ ಉಳಿದುಕೊಂಡ ಪುಟ್ಟ ದೇಶ ತನ್ನ ಪಾಡಿಗೆ ತಾನಿದ್ದಿದ್ದರೆ ಯಾರೂ ದೂರುತ್ತಿರಲಿಲ್ಲ. ಅದು ಹಾಗಿರಲಿಲ್ಲ. 2017ರ ಆಗಸ್ಟ್ ನಂತರ ಮ್ಯಾನ್ಮಾರ್‌ನ ರಾಖೈನ್ ಪ್ರಾಂತದಿಂದ ಏಳು ಲಕ್ಷಕ್ಕೂ ಮಿಕ್ಕಿ ರೋಹಿಂಗ್ಯಾ ಜನರು ಪ್ರಾಣ ಉಳಿಸಿಕೊಳ್ಳಲು ಬಾಂಗ್ಲಾದೇಶಕ್ಕೆ ಓಡಿಬಂದರು. 2018ರಲ್ಲಿ ಗ್ಯಾಂಬಿಯಾದ ನ್ಯಾಯಮಂತ್ರಿ ಅಬೂಬಕರ್ ತಂಬಾದು ಅವರು ಕಾಕ್ಸ್ ಬಜಾರ್‌ನ ಶಿಬಿರಗಳಿಗೆ ಭೇಟಿ ನೀಡಿ ಅಲ್ಲಿನವರ ಮಾತುಗಳನ್ನು ಕೇಳಿದರು. ರುವಾಂಡಾ ನರಮೇಧದ ವಿಚಾರಣೆಗೆಂದು ರಚಿತವಾಗಿದ್ದ ನ್ಯಾಯಮಂಡಳಿಯಲ್ಲಿ ವರ್ಷಗಟ್ಟಲೆ ದುಡಿದಿದ್ದ ಅವರಿಗೆ ಆ ಮಾತುಗಳು ಅಪರಿಚಿತವಾಗಿರಲಿಲ್ಲ. 2019ರ ನವೆಂಬರ್ 11ರಂದು ಗ್ಯಾಂಬಿಯಾ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ಮ್ಯಾನ್ಮಾರ್ ವಿರುದ್ಧ ದಾವೆ ಹೂಡಿತು. ಆಧಾರ, ಎರಡೂ ದೇಶಗಳು ಒಪ್ಪಿಕೊಂಡಿದ್ದ 1948ರ ನರಮೇಧ ತಡೆ ಒಪ್ಪಂದ.

ಇಲ್ಲಿ ನಾವು ಒಂದು ಕಹಿ ಮಾತನ್ನು ಹೇಳಲೇಬೇಕು. ಇಸ್ಲಾಮಿಕ್ ಸಹಕಾರ ಸಂಘಟನೆಯಲ್ಲಿ 57 ಸದಸ್ಯ ರಾಷ್ಟ್ರಗಳಿವೆ. ತೈಲದ ಬಾವಿಗಳಿರುವವು, ದೊಡ್ಡ ಸೈನ್ಯವಿರುವವು, ಅಣ್ವಸ್ತ್ರವಿರುವದೂ ಅವುಗಳಲ್ಲಿವೆ. ಸಂಘಟನೆ ಬೆಂಬಲವನ್ನೇನೋ ನೀಡಿತು. ಆದರೆ ತನ್ನ ಹೆಸರಿನಲ್ಲಿ ಅರ್ಜಿ ಹಿಡಿದು ನ್ಯಾಯಾಲಯದ ಮೆಟ್ಟಿಲೇರಲು ಮುಂದೆ ಬಂದದ್ದು ನೆಲಗಡಲೆ ಬೆಳೆಯುವ ಈ ದೇಶ. ಉಳಿದವರಿಗೆ ವ್ಯಾಪಾರವಿತ್ತು, ಲೆಕ್ಕಾಚಾರವಿತ್ತು.

ಶಾಂತಿಯ ನೊಬೆಲ್ ಪಡೆದ ಆಂಗ್ ಸಾನ್ ಸೂ ಕಿ ಅವರೇ ಆ ಡಿಸೆಂಬರ್‌ನಲ್ಲಿ ಹೇಗ್‌ಗೆ ಬಂದು ತಮ್ಮ ದೇಶದ ಪರ ವಾದಿಸಿದರು. 2020ರ ಜನವರಿ 23ರಂದು ನ್ಯಾಯಾಲಯವು ರೋಹಿಂಗ್ಯಾ ಜನರನ್ನು ರಕ್ಷಿಸಲು, ಸಾಕ್ಷ್ಯಗಳನ್ನು ನಾಶಮಾಡದಿರಲು ಮ್ಯಾನ್ಮಾರ್‌ಗೆ ಸರ್ವಾನುಮತದಿಂದ ಆದೇಶಿಸಿತು. ಆಮೇಲೆ ಮ್ಯಾನ್ಮಾರ್ ಹೂಡಿದ ಆಕ್ಷೇಪಗಳಲ್ಲೊಂದು ನಮ್ಮೆಲ್ಲರಿಗೂ ಪರಿಚಿತವಾದದ್ದು. ಗ್ಯಾಂಬಿಯಾಕ್ಕೆ ಇದರಿಂದ ನೇರವಾಗಿ ಯಾವ ಹಾನಿಯೂ ಆಗಿಲ್ಲ, ಆದ್ದರಿಂದ ಅದಕ್ಕೆ ಕೇಳುವ ಹಕ್ಕಿಲ್ಲ ಎಂಬುದು ಅದರ ಸಾರ. ಸರಳವಾಗಿ ಹೇಳುವುದಾದರೆ, ನಿನಗೇನು ಸಂಬಂಧ?

ಬಲಾಢ್ಯನು ಎಲ್ಲ ಕಾಲದಲ್ಲೂ ಎತ್ತುವ ಪ್ರಶ್ನೆಯಿದು. 2022ರ ಜುಲೈ 22ರಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನರಮೇಧವನ್ನು ತಡೆಯುವುದರಲ್ಲಿ ಒಪ್ಪಂದಕ್ಕೆ ಸೇರಿದ ಪ್ರತಿಯೊಂದು ದೇಶಕ್ಕೂ ಸಮಾನ ಹಿತಾಸಕ್ತಿಯಿದೆ, ಆದ್ದರಿಂದ ಯಾರು ಬೇಕಾದರೂ ಕೇಳಬಹುದು ಎಂದಿತು.

ಈ ಮಾತು ನಮಗೆ ಹೊಸದಾಗಬಾರದು. ಪ್ರವಾದಿತ್ವ ಲಭಿಸುವ ಮುನ್ನ ಪ್ರವಾದಿ ಮುಹಮ್ಮದ್(ಸ)ರು ಪಾಲ್ಗೊಂಡ ಹಿಲ್ಫುಲ್ ಫುದೂಲ್ ಒಪ್ಪಂದವನ್ನು ನಾವು ಮದ್ರಸದ ಮಕ್ಕಳಿಗೆ ಪ್ರತಿವರ್ಷ ಕಲಿಸುತ್ತೇವೆ. ಯಮನ್‌ನಿಂದ ಬಂದ ವ್ಯಾಪಾರಿಯೊಬ್ಬನ ಸರಕನ್ನು ಮಕ್ಕಾದ ಪ್ರಮುಖನೊಬ್ಬ ಕೊಂಡು ಹಣ ಕೊಡದೆ ಸತಾಯಿಸಿದ. ಆ ಪರದೇಶಿಯ ಪರ ನಿಲ್ಲಲು ಅಲ್ಲಿ ಅವನ ಗೋತ್ರದವರು ಇರಲಿಲ್ಲ. ಆಗ ಕೆಲವು ಗೋತ್ರಗಳವರು ಅಬ್ದುಲ್ಲಾಹ್ ಇಬ್ನ್ ಜುದ್‌ಆನ್‌ರ ಮನೆಯಲ್ಲಿ ಸೇರಿ, ಮಕ್ಕಾದಲ್ಲಿ ಅನ್ಯಾಯಕ್ಕೊಳಗಾದವನು ಯಾರೇ ಆಗಿರಲಿ, ಅವನ ಹಕ್ಕು ದೊರೆಯುವ ತನಕ ಜೊತೆಗಿರುವೆವೆಂದು ಪ್ರತಿಜ್ಞೆಗೈದರು. ಇಸ್ಲಾಮಿನ ಕಾಲದಲ್ಲಿ ಅಂಥ ಒಪ್ಪಂದಕ್ಕೆ ಕರೆದರೂ ತಾವು ಓಗೊಡುವುದಾಗಿ ಪ್ರವಾದಿ(ಸ)ರು ಮುಂದೆ ತಿಳಿಸಿದರು. ಅದು ಮುಸ್ಲಿಮರ ನಡುವಿನ ಒಪ್ಪಂದವಾಗಿರಲಿಲ್ಲ, ಮುಸ್ಲಿಮರಿಗಾಗಿ ಮಾಡಿದ್ದೂ ಆಗಿರಲಿಲ್ಲ. ನ್ಯಾಯಕ್ಕಾಗಿ ಮಾಡಿದ್ದಾಗಿತ್ತು. ಹೇಗ್‌ನ ಬಾಗಿಲು ತಟ್ಟಿದ ಗ್ಯಾಂಬಿಯಾ ಮಾಡಿದ್ದೂ ಇದನ್ನೇ.

“ಆ ನ್ಯಾಯಾಲಯಕ್ಕೆ ಪೊಲೀಸರಿಲ್ಲ, ಸೈನ್ಯವಿಲ್ಲ. ಆದೇಶ ಬಂದ ಮೇಲೂ ರೋಹಿಂಗ್ಯಾರು ಶಿಬಿರದಲ್ಲೇ ಇದ್ದಾರಲ್ಲ?” ಎಂದು ಕೇಳುವವರಿದ್ದಾರೆ. ನಿಜ, ನಾವು ಅದನ್ನು ಮುಚ್ಚಿಡುವುದಿಲ್ಲ. ಟಾರ್ಪಾಲಿನ ಅಡಿಯಲ್ಲಿ ಮಳೆಗಾಲ ಕಳೆಯುವ ತಾಯಿಗೆ ತೀರ್ಪಿನ ಪ್ರತಿ ಛಾವಣಿಯಾಗದು. ಆದರೆ ಮೊಕದ್ದಮೆಯೇ ಇಲ್ಲದಿದ್ದರೆ ಆ ತಾಯಿಯ ಸಾಕ್ಷ್ಯ ಎಲ್ಲಿರುತ್ತಿತ್ತು? ಇಂದು ಅದು ನ್ಯಾಯಾಲಯದ ಕಡತದಲ್ಲಿದೆ. 2023ರ ನವೆಂಬರ್‌ನಲ್ಲಿ ಬ್ರಿಟನ್, ಫ್ರಾನ್ಸ್, ಜರ್ಮನಿ, ಕೆನಡಾ ಮೊದಲಾದ ದೇಶಗಳು ಆ ಮೊಕದ್ದಮೆಯಲ್ಲಿ ತಮ್ಮ ವಾದವನ್ನೂ ಸಲ್ಲಿಸಲು ಮುಂದಾದವು. ಇನ್ನೊಂದು ಪುಟ್ಟ ಮುಸ್ಲಿಮ್ ದೇಶವಾದ ಮಾಲ್ದೀವ್ಸ್ ಕೂಡ ಮುಂದೆ ಬಂತು. ದೊಡ್ಡವರು ಸಣ್ಣವನ ಹಿಂದೆ ನಡೆದರು.

ಸಹಕಾರವೆಂದರೆ ನ್ಯಾಯಾಲಯ ಮಾತ್ರವಲ್ಲ. 2019ರ ಜನವರಿಯಲ್ಲಿ ಗ್ಯಾಂಬಿಯಾ ನದಿಗೆ ಅಡ್ಡಲಾಗಿ ಸೆನೆಗ್ಯಾಂಬಿಯಾ ಸೇತುವೆ ತೆರೆಯಿತು. ಅದುವರೆಗೆ ಫೆರಿಗಾಗಿ ದಂಡೆಯ ಮೇಲೆ ಕಾಯುತ್ತಿದ್ದ ಲಾರಿಗಳು ಈಗ ನಿಮಿಷಗಳಲ್ಲಿ ದಾಟುತ್ತವೆ. ಆಫ್ರಿಕನ್ ಅಭಿವೃದ್ಧಿ ಬ್ಯಾಂಕಿನ ನೆರವು, ಎರಡು ದೇಶಗಳ ಒಪ್ಪಿಗೆ ಕೂಡಿ ಆದ ಕೆಲಸವದು. ಆದರೆ ಇದೇ ದೇಶದಲ್ಲಿ 2022ರಲ್ಲಿ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ನಮ್ಮ ದೇಶದಲ್ಲೇ ತಯಾರಾಗಿದ್ದ ನಾಲ್ಕು ಸಿರಪ್‌ಗಳಲ್ಲಿ ವಿಷಕಾರಿ ರಾಸಾಯನಿಕಗಳಿವೆಯೆಂದು ಆ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು, 66 ಮಕ್ಕಳ ಸಾವಿಗೆ ಅವುಗಳ ನಂಟಿರಬಹುದೆಂದಿತು. ಕಂಪನಿ ನಿರಾಕರಿಸಿತು, ನಮ್ಮ ಅಧಿಕಾರಿಗಳೂ ಒಪ್ಪಲಿಲ್ಲ. ಆಮದಾದ ಔಷಧವನ್ನು ಪರೀಕ್ಷಿಸಲು ಗ್ಯಾಂಬಿಯಾದಲ್ಲಿ ಒಂದು ಪ್ರಯೋಗಾಲಯವೂ ಇರಲಿಲ್ಲ. ಸಣ್ಣ ದೇಶ ಲೋಕದಿಂದ ಏನನ್ನು ಬಯಸುತ್ತದೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಅದು ಬೇಡುತ್ತಿರುವುದು ದಾನವಲ್ಲ. ತನ್ನ ಮಗುವಿನ ಬಾಯಿಗೆ ಹೋಗುವ ಔಷಧ, ಮಾರುವವನ ಮಗುವಿನ ಬಾಯಿಗೆ ಹೋಗುವಷ್ಟೇ ಶುದ್ಧವಾಗಿರಲಿ ಎಂಬುದು ಅದರ ಬೇಡಿಕೆ. ತೂಕದಲ್ಲಿ, ಅಳತೆಯಲ್ಲಿ ಮೋಸ ಮಾಡುವವರಿಗೆ ವಿನಾಶವಿದೆಯೆಂದು ಕಲಿಸುವ ನಾವು, ರೋಹಿಂಗ್ಯಾರಿಗಾಗಿ ಎತ್ತುವಷ್ಟೇ ಗಟ್ಟಿ ದನಿಯನ್ನು ಈ ಮಕ್ಕಳಿಗಾಗಿ ಎತ್ತಿದೆವೇ? ಸಾಕ್ಷ್ಯ ನಮ್ಮ ವಿರುದ್ಧವೇ ಬಂದರೂ ನ್ಯಾಯದಲ್ಲಿ ನೆಲೆನಿಲ್ಲಬೇಕೆಂಬುದು ಕುರ್‌ಆನಿನ ಆಜ್ಞೆಯಲ್ಲವೇ?

ಸಹೋದರ ಸಹೋದರಿಯರೇ, ಹೇಗ್‌ಗೆ ಹೋಗಲು ನಮ್ಮನ್ನು ಯಾರೂ ಕರೆಯುತ್ತಿಲ್ಲ. ನಮ್ಮ ಮೊಹಲ್ಲಾದಲ್ಲೇ ತಂದೆಯ ಆಸ್ತಿಯಲ್ಲಿ ಪಾಲು ಸಿಗದ ಹೆಣ್ಣುಮಗಳಿದ್ದಾಳೆ. ಕೂಲಿ ಸಿಗದೆ ಅಲೆಯುವ, ಬೇರೆ ಧರ್ಮದ, ಬೇರೆ ಭಾಷೆಯ ಕಾರ್ಮಿಕನಿದ್ದಾನೆ. ಅವರ ಪರ ಮಾತನಾಡಲು ಹೊರಟರೆ ನಮಗೂ ಅದೇ ಪ್ರಶ್ನೆ ಎದುರಾಗುತ್ತದೆ: ನಿನಗೇನು ಸಂಬಂಧ? ಆಗ ಬಾಯಿ ಮುಚ್ಚಿ ಮನೆಗೆ ಬರುವವರು ಲೋಕದ ದೊಡ್ಡ ರಾಷ್ಟ್ರಗಳ ಮೌನವನ್ನು ಖಂಡಿಸುವ ಹಕ್ಕನ್ನು ಕಳೆದುಕೊಳ್ಳುತ್ತಾರೆ. ಸಂಬಂಧವಿದೆ ಎಂದು ಹೇಳಿ ಅಲ್ಲೇ ನಿಲ್ಲುವ ಧೈರ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.