ಗೀಜರಿನ ಹೊಗಿ ಎಲ್ಲಿ ಹೋಗ್ತದ, ಮೊದಲ ಅದನ್ನ ಕೇಳ್ರಿ

ಹೋದ ತಿಂಗಳ ನಮ್ಮ ಅಕ್ಕನ ಮಗಳ ಹೊಸಾ ಮನಿ ವಾಸ್ತುಶಾಂತಿಗೆ ಹೋಗಿದ್ದೆ. ಎಲ್ಲಾರೂ ಅಡಗಿಮನಿ ಕಟ್ಟಿ, ಕಪಾಟು ನೋಡ್ಲಿಕ್ಕತ್ತಿದ್ರು, ನಾ ಬಚ್ಚಲಮನಿ ಹೊಕ್ಕೆ. ಸಣ್ಣ ಬಚ್ಚಲ, ಗ್ವಾಡಿಗೆ ಥಳಥಳ ಗ್ಯಾಸ್ ಗೀಜರ್, ಮ್ಯಾಲೆ ಗೇಣಗಲ ಕಿಡಕಿ. ಥಂಡಿ ಬರ್ತದಂತ ಅದಕ್ಕೂ ಗಾಜು ಕೂಡ್ಸಿ ಬಂದ್ ಮಾಡ್ಯಾರ. "ಇದರ ಹೊಗಿ ಎಲ್ಲಿ ಹೋಗ್ತದವಾ?" ಅಂದೆ. "ಗ್ಯಾಸಿಗೆ ಎಲ್ಲೀ ಹೊಗಿ ಮೌಶಿ!" ಅಂತ ನಕ್ಕಳು.

ಆ ನಗಿ ಸಲುವಾಗೇ ಇದನ್ನ ಬರೀಲಿಕ್ಕತ್ತೇನಿ. ಹೊಗಿ ಇರ್ತದ್ರೀ, ಕಣ್ಣಿಗೆ ಕಾಣಂಗಿಲ್ಲ ಅಷ್ಟ. ಗ್ಯಾಸ್ ಉರೀಲಿಕ್ಕೆ ಗಾಳಿ ಕಡಿಮಿ ಬಿತ್ತಂದ್ರ ಕಾರ್ಬನ್ ಮೊನಾಕ್ಸೈಡ್ ಹುಟ್ಟತದ. ಅದಕ್ಕ ಬಣ್ಣ ಇಲ್ಲ, ವಾಸನಿ ಇಲ್ಲ. ಸಿಲಿಂಡರ್ ಸೋರಿದ್ರ ನಾರ್ತದಲ್ಲ, ಅದು ನಮಗ ಗೊತ್ತಾಗ್ಲಿ ಅಂತ ಬೇಕಂತನ ಕೂಡಿಸಿದ ವಾಸನಿ. ಸುಟ್ಟ ಮ್ಯಾಲೆ ಆ ಉಪಕಾರನೂ ಇಲ್ಲ. ರಕ್ತಕ್ಕ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟತದ. ತಲಿ ಭಾರ, ಹೊಟ್ಟಿ ತೊಳಸೋದು, ಕಾಲು ಸೋಲೋದು. ಗೊತ್ತಾಗೋದ್ರಾಗ ಚಿಲಕದ ತನಕ ಕೈ ಏಳಂಗಿಲ್ಲ. ಹೊರಗಿನವರು "ಇನ್ನೂ ತಲಿ ತೊಳ್ಕೋಳಿಕ್ಕತ್ತಾಳ" ಅಂತ ಸುಮ್ಮನಿರ್ತಾರ. ಬಚ್ಚಲದಾಗ ಫಿಟ್ಸ್ ಬಂತು ಅಂತ ಮದ್ದು ತಗೊಂಡವರೂ ಇದ್ದಾರ. ಡಾಕ್ಟರು ಇದಕ್ಕ 'ಗ್ಯಾಸ್ ಗೀಜರ್ ಸಿಂಡ್ರೋಮ್' ಅಂತ ಹೆಸರನ ಇಟ್ಟಾರ.

ಅವ್ವನ ಕಾಲದ ತಾಮ್ರದ ಬಂಬ್ ನೆನಸ್ಕೋರಿ. ಹೊಗಿ ಕಣ್ಣಾಗ ನೀರ ತರಸ್ತಿತ್ತು, ಬೈಕೋತ ಬಾಗಲಾ ತಗೀತಿದ್ವಿ. ಅದಕ್ಕ ಬದುಕಿದ್ವಿ.

ಈಗ ಹೇಳೋ ನೆವಾ ಕೇಳ್ರಿ. "ಹತ್ತ ವರ್ಷ ಆತು, ಏನೂ ಆಗಿಲ್ಲ." ಹತ್ತ ವರ್ಷದ ಹಿಂದ ಬರ್ನರ್ ಹೊಸಾದಿತ್ತು, ಈಗ ಮಸಿ ಹಿಡದದ. "ಫ್ಯಾನ್ ಅದಲ್ಲ!" ಬಾಗಲಾ, ಕಿಡಕಿ ಎಲ್ಲಾ ಬಂದ್ ಇದ್ರ ಫ್ಯಾನಿಗೆ ಹೊರಗ ಹಾಕಲಿಕ್ಕೆ ಗಾಳಿ ಎಲ್ಲಿಂದ ಬರಬೇಕು? "ಪ್ಲಂಬರ್ ಎಲ್ಲಾರ ಮನ್ಯಾಗೂ ಹಿಂಗ ಹಾಕ್ತಾನ." ಅವಂಗ ಮಧ್ಯಾಹ್ನದೊಳಗ ಇನ್ನೆರಡು ಮನಿ ಮುಗಸೋದಿರ್ತದ.

ಇನ್ನೊಬ್ಬಾಕಿ ಅಂದ್ಲು, "ಅಮೆರಿಕಾದಾಗ ಮಗನ ಮನ್ಯಾಗ ಒಳಗ ಅದ, ಬಿಳೀ ಪ್ಲಾಸ್ಟಿಕ್ ಪೈಪ್ ಹಾಕ್ಯಾರ." ಖರೆ. ಆದ್ರ ಅದು ಬ್ಯಾರೆ ಜಾತಿ ಮಶೀನು. ಹೊಗಿಯೊಳಗಿನ ಬಿಸೀನೂ ಹೀರಿ ನೀರಿಗೆ ಕೊಡ್ತದ. ಹೊಗಿ ಬರೇ ಬೆಚ್ಚಗ ಹೊರಗ ಬರ್ತದ, ಅದಕ್ಕ ಪ್ಲಾಸ್ಟಿಕ್ ತಡೀತದ. ಒಂದು ಪೈಪು ಹೊರಗಿನ ಗಾಳಿ ತರ್ತದ, ಇನ್ನೊಂದು ಹೊಗಿ ಹೊರಗ ಒಯ್ತದ. ಒಳಗ ಕೂಡೋ ಹುಳಿ ನೀರು ತಿರುಗಿ ಬರ್ಲಿ ಅಂತ ಅಡಿಗೆ ಕಾಲು ಇಂಚು ಇಳಿಜಾರು ಕೊಡ್ತಾರ. ಇಷ್ಟಾದ ಮ್ಯಾಲೂ ಮನಿಯೊಳಗ ವಿಷಗಾಳಿ ಕಂಡ್ರ ಚೀರೋ ಅಲಾರಂ ಇಟ್ಕೋತಾರ. ನಮ್ಮ ಗೀಜರಿನ ಹೊಗಿ ಕುದೀತಿರ್ತದ. ಅದಕ್ಕ ಪ್ಲಾಸ್ಟಿಕ್ ಪೈಪ್ ಜೋಡಿಸಿದ್ರ ಮೆತ್ತಗಾಗಿ ಜೋತ ಬೀಳ್ತದ.

ಹಂಗಾರ ಏನ್ ಮಾಡಬೇಕು? ಗೀಜರ್ ಹಿತ್ತಲದಾಗೋ, ತೆರದ ಬಾಲ್ಕನ್ಯಾಗೋ ಇರ್ಲಿ. ಒಳಗ ಬಿಸಿನೀರಿನ ಪೈಪ್ ಅಷ್ಟ ಬರ್ಲಿ. ಜಾಗಾ ಇಲ್ಲಂದ್ರ ಕರೆಂಟಿಂದು ಹಾಕಿಸ್ರಿ. ಅಲ್ಲೀತನಕ ಬಕೀಟು ತುಂಬಿಸಿ, ಗೀಜರ್ ಆರಿಸಿ, ಬಾಗಲಾ ಕಿಡಕಿ ತಗದು ಗಾಳಿ ಆಡಿದ ಮ್ಯಾಲೆ ಸ್ನಾನಕ್ಕ ಹೋಗ್ರಿ. ಉರಿ ನೀಲಿ ಇರಬೇಕು. ಹಳದಿ ಆತಂದ್ರ ಬಂದ್ ಮಾಡಿ ರಿಪೇರಿಯವರನ್ನ ಕರೀರಿ. ಯಾರರೆ ಬಿದ್ರ ಮೊದಲ ಹೊರಗ ಎಳೀರಿ, 108ಕ್ಕ ಫೋನ್ ಮಾಡ್ರಿ, ಡಾಕ್ಟರಿಗೆ "ಗ್ಯಾಸ್ ಗೀಜರ್ ಇತ್ತು" ಅಂತ ಹೇಳೋದು ಮರೀಬ್ಯಾಡ್ರಿ.

ಟೈಲ್ಸಿಗೆ ಸಾವಿರಗಟ್ಟಲೆ ಸುರೀತೇವಿ, ನಾಲ್ಕು ಮಾರು ಪೈಪಿಗೆ ಜಿಪುಣತನಾ ಮಾಡ್ತೇವಿ. ಅಕ್ಕನ ಮಗಳು ಕಡೀಕೆ ಗೀಜರ್ ಹಿತ್ತಲಕ್ಕ ಹಾಕಿಸಿದ್ಲು. ಈಗ ಬಿಸಿನೀರ ಬರೋದ್ರಾಗ ಅರ್ಧ ಬಕೀಟು ತಣ್ಣೀರು ಹೋಗ್ತದ ಅಂತ ಫೋನ್ ಮಾಡಿ ಗೊಣಗ್ತಾಳ. ಗೊಣಗವಾ, ನೂರ ವರ್ಷ ಗೊಣಗು.